ಅಪ್‌ಡೇಟ್: ಬಂಡೆ ಹತ್ತುವ ಜೀಪಿನ ಫೋಟೋ, ಕೊನೆಗೂ ಏರು ಕಾಣಿಸ್ತು

ಹೋದ ತಿಂಗಳು ಕೇಳಿದ್ದೆ, ನೆನಪಿರಬಹುದು: ರಾಮನಗರದ ಕಡೆ ಬಂಡೆ ಹತ್ತುವ ಥಾರ್, ಜಿಮ್ನಿಯಂಥ ಜೀಪುಗಳ ಫೋಟೋ ತೆಗೆದರೆ ಏರು ಸಪಾಟಾಗಿ, ಗಾಡಿ ನಿಲ್ಲಿಸಿಟ್ಟ ಹಾಗೆ ಯಾಕೆ ಕಾಣುತ್ತೆ ಅಂತ. ಈ ಭಾನುವಾರ ಬೆಂಗಳೂರಿಂದ ಕತ್ತಲಲ್ಲೇ ಹೊರಟು ನಿಮ್ಮ ಸಲಹೆಗಳನ್ನೆಲ್ಲ ಪ್ರಯತ್ನಿಸಿದೆ.

ನಿಜವಾದ ವ್ಯತ್ಯಾಸ ಮಾಡಿದ್ದು ನಿಲ್ಲುವ ಜಾಗ. ಮೇಲಿಂದ ತೆಗೆಯೋದು ಬಿಟ್ಟು, ಪಕ್ಕಕ್ಕೆ ಸರಿದು, ಮಂಡಿಯೂರಿ ಕ್ಯಾಮೆರಾವನ್ನ ಚಕ್ರದ ಮಟ್ಟಕ್ಕೆ ಇಳಿಸಿದೆ. ಹಿಂದೆ ನೆಟ್ಟಗೆ ನಿಂತ ನೀಲಗಿರಿ ಮರ ಫ್ರೇಮಿಗೆ ಬಂತು ನೋಡಿ, ಗಾಡಿ ಎಷ್ಟು ವಾಲಿದೆ ಅನ್ನೋದು ತಾನಾಗೇ ಗೊತ್ತಾಯ್ತು. ಆಮೇಲೆ ಒಂದು ಚಕ್ರ ಗಾಳಿಗೆ ಏಳೋ ತನಕ ಕಾಯೋದು, ಅಷ್ಟೇ.

ಚಕ್ರ ತಿರುಗೋದು ಮಸುಕಾಗಿ ಕಾಣಲಿ ಅಂತ ಕೆಲವರು ಕೊಟ್ಟ ನಿಧಾನ ಶಟರ್ ಸಲಹೆಯನ್ನ ಪೂರ್ತಿ ಒಪ್ಪಲ್ಲ. ಟೈರು ಜಾರಿ ಗಿರ್ರನೆ ತಿರುಗುವಾಗ 1/60 ಸೆಕೆಂಡಿನ ಶಟರ್ ಚೆಂದ, ಮಣ್ಣು ಚಿಮ್ಮೋದೂ ಕಾಣುತ್ತೆ. ಆದರೆ ಲೋ ಗೇರಲ್ಲಿ ತೆವಳುವಾಗ ಚಕ್ರ ತಿರುಗೋದೇ ನಿಧಾನ, ಅಲ್ಲಿ ನನ್ನ ಕೈ ನಡುಕವೇ ಜಾಸ್ತಿ ಬಂತು! ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಮಾತ್ರ ಗಾಡಿ ಗಾಜಿನ ಹೊಳಪು ತೆಗೆದು ಡ್ರೈವರ್ ಮುಖ ತೋರಿಸಿತು. ಅದು ಬೆಳಕನ್ನ ಅರ್ಧಕ್ಕಿಂತ ಜಾಸ್ತಿ ತಿಂದರೂ ಪರವಾಗಿಲ್ಲ.

ಸಿಕ್ಕಿಕೊಂಡ ಗಾಡಿಯನ್ನ ಎಳೆಯೋ ವಿಂಚ್ ಯಂತ್ರದ ಹಗ್ಗ ಬಿಗಿಯಾದಾಗ ಅದರ ನೇರಕ್ಕೆ ನಿಲ್ಲಬೇಡಿ ಅಂದ ಅಣ್ಣನಿಗೆ ದೊಡ್ಡ ನಮಸ್ಕಾರ. ಬಾಡಿಗೆಯ 70-200 ಜೂಮ್ ಲೆನ್ಸ್ ಇದ್ದಿದ್ದಕ್ಕೆ ದೂರದಿಂದಲೇ ಕೆಲಸ ಆಯ್ತು.