ರಜೆ ಮುಗಿಸಿ ಪ್ರಿಂಟರ್ ತೆಗೆದ್ರೆ ‘ಧನ’ ಹೋಗಿ ‘ದನ’ ಬರ್ತಾ ಉಂಟು, ಎಂತ ಮಾಡ್ಲಿ?

ಮುಳ್ಳೇರಿಯದ ಟೀಚರ್:
ಮನೆಯಲ್ಲಿರುದು ಇಂಕ್ ಟ್ಯಾಂಕ್ ಪ್ರಿಂಟರ್, ಮೂರು ವರ್ಷ ಆಯ್ತು. ಮಾರ್ಚಲ್ಲಿ ಪರೀಕ್ಷೆ ಕೆಲಸ ಮುಗಿಸಿ ಬಟ್ಟೆ ಮುಚ್ಚಿ ಇಟ್ಟದ್ದು, ಮತ್ತೆ ತೆಗ್ದದ್ದು ಜೂನಲ್ಲಿ ಶಾಲೆ ಸುರು ಆದ ಮೇಲೆಯೇ. ವರ್ಕ್‌ಶೀಟ್ ಪ್ರಿಂಟ್ ಕೊಟ್ರೆ ಅಕ್ಷರದ ನಡುವೆ ಅಡ್ಡಕ್ಕೆ ಬಿಳಿ ಗೆರೆ, ಧ, ಭ ಅಕ್ಷರಗಳ ಅಡಿಯ ಸೀಳೇ ಕಾಣುದಿಲ್ಲ, ಮಹಾಪ್ರಾಣ ಎಲ್ಲ ಅಲ್ಪಪ್ರಾಣ. ಇದನ್ನು ಮಕ್ಕಳಿಗೆ ಹೇಗೆ ಕೊಡುದು? ಅದರ ಮೇಲೆ ಶಾಯಿ ಸ್ವಲ್ಪ ಹರಡಿದ ಹಾಗೂ ಉಂಟು. ಕಾಗದಕ್ಕೆ ಇಂಕ್ ಚಿಮ್ಮಿಸುವ ಹೆಡ್ ಉಂಟಲ್ಲ, ಅದರ ಕ್ಲೀನಿಂಗ್ ಐದು ಸಲ ಕೊಟ್ಟೆ, ಟ್ಯಾಂಕಿನಲ್ಲಿ ಇಂಕ್ ಇಳಿದದ್ದೇ ಲಾಭ. ರಿಪೇರಿಯವರು ಹೆಡ್ ಹೋಗಿದೆ, ಆ ದುಡ್ಡಿಗೆ ಹೊಸತೇ ತಗೊಳ್ಳಿ ಅಂತ ಹೇಳ್ತಾರೆ. ಯಾರಿಗಾದ್ರೂ ಹೀಗೆ ಆಗಿತ್ತಾ?

ಕುಂಬಳೆಯಿಂದ, ಹಳೇ ಡಿಟಿಪಿಯವ:
ಟೀಚರೇ, ಹೊಸತು ತೆಗೀಲಿಕ್ಕೆ ಅವಸರ ಮಾಡ್ಬೇಡಿ. ಮದುವೆ ಕಾಗದ, ಬ್ರಹ್ಮಕಲಶದ ಕರಪತ್ರ ಅಂತ ವರ್ಷಗಟ್ಟಲೆ ಇದೇ ಕೆಲಸ ಮಾಡಿದವ ನಾನು, ನಮ್ಮ ಕಡೆ ಜೂನಲ್ಲಿ ಪ್ರಿಂಟರ್ ಹಾಳಾಯ್ತು ಅಂತ ಬರುವವರಲ್ಲಿ ಹೆಚ್ಚಿನವರಿಗೆ ಆಗಿರುದು ಒಂದು ರೋಗ ಅಲ್ಲ, ಎರಡು. ಎರಡು ತಿಂಗಳು ಸುಮ್ಮನೆ ಇದ್ದದ್ದಕ್ಕೆ ನಾಝಲಿನಲ್ಲಿ, ಅಂದ್ರೆ ಹೆಡ್ಡಿನ ಸಣ್ಣ ಸಣ್ಣ ತೂತಿನಲ್ಲಿ, ಇಂಕ್ ಒಣಗಿರ್ತದೆ, ಅದು ಬೇಸಗೆಯ ಲೆಕ್ಕ. ಮಳೆ ಹಿಡಿದ ಕೂಡ್ಲೇ ಕಾಗದ ತೇವ ಎಳ್ಕೊಳ್ತದೆ, ಅದು ಬೇರೆಯೇ ಲೆಕ್ಕ. ನಾವು ಎರಡನ್ನೂ ಒಟ್ಟು ಮಾಡಿ ಕಾಗದದ ತಪ್ಪಿಗೂ ಹೆಡ್ ಕ್ಲೀನಿಂಗ್ ಕೊಡ್ತಾ ಇರ್ತೇವೆ, ಹತ್ತು ಸಲ ಕೊಟ್ರೂ ಅದು ಸರಿಯಾಗುದು ಉಂಟಾ?

ಹಾಗಾಗಿ ಮೊದಲು ನಾಝಲ್ ಚೆಕ್ ಒಂದು ಪ್ರಿಂಟ್ ತೆಗೀರಿ. ಮೆಟ್ಟಿಲು ಮೆಟ್ಟಿಲಿನ ಹಾಗೆ ಸಣ್ಣ ಸಣ್ಣ ಗೆರೆ ಬರ್ತದಲ್ಲ, ಅದರಲ್ಲಿ ಎಲ್ಲೆಲ್ಲಿ ತುಂಡಾಗಿದೆ ಅಂತ ಜಗಲಿಯ ಬೆಳಕಿಗೆ ತಂದು ನೋಡಿ, ಹಳದಿ ಬಣ್ಣದ್ದು ಸುಲಭದಲ್ಲಿ ಕಾಣುದಿಲ್ಲ, ಕಾಗದ ಸ್ವಲ್ಪ ಓರೆ ಹಿಡೀಬೇಕು. ಗೆರೆ ತುಂಡಾಗಿದ್ರೆ ನಾಝಲ್ ಕಟ್ಟಿದೆ. ಗೆರೆ ಪೂರ್ತಿ ಉಂಟು, ಆದ್ರೆ ಅಂಚು ರೋಮ ಬಂದ ಹಾಗೆ ಹರಡಿದೆ ಅಂತಾದ್ರೆ ಅದು ಕಾಗದ. ಉದ್ದ ಗೆರೆ ಎರಡೆರಡಾಗಿ ಕಾಣುದು, ಅಕ್ಷರಕ್ಕೆ ನೆರಳು ಬಿದ್ದ ಹಾಗೆ ಇರುದು ಆದ್ರೆ ಹೆಡ್ಡಿನ ಅಲೈನ್‌ಮೆಂಟ್ ತಪ್ಪಿದೆ, ಅದನ್ನು ಸರಿ ಮಾಡ್ಲಿಕ್ಕೆ ಸಾಫ್ಟ್‌ವೇರಲ್ಲೇ ಬೇರೆ ಆಯ್ಕೆ ಉಂಟು.

ಇನ್ನು ಕ್ಲೀನಿಂಗ್. ಎರಡು ಸಲ, ಹೆಚ್ಚೆಂದ್ರೆ ಮೂರು ಸಲ ಕೊಡಿ, ಪ್ರತಿ ಸಲ ಆದ ಮೇಲೆ ನಾಝಲ್ ಚೆಕ್ ತೆಗೆದು ಹಿಂದಿನದ್ದರ ಹತ್ತಿರ ಇಟ್ಟು ನೋಡಿ. ಮತ್ತೆ ಆಫ್ ಮಾಡಿ 12 ಗಂಟೆ ಅದರ ಮೈ ಮುಟ್ಬೇಡಿ. ಇದನ್ನು ಹೇಳಿದ್ರೆ ಯಾರೂ ನಂಬುದಿಲ್ಲ, ಆದ್ರೆ ಕ್ಲೀನಿಂಗಿನಲ್ಲಿ ಕೆಳಗೆ ಬಂದ ಹಸಿ ಇಂಕ್ ಒಣಗಿದ್ದನ್ನು ನೆನೆಸ್ಲಿಕ್ಕೆ ಸಮಯ ಬೇಕು, ಅನ್ನದ ತಳ ಹಿಡಿದ ಪಾತ್ರೆಗೆ ನೀರು ಹಾಕಿ ಇಡುದಿಲ್ವಾ, ಹಾಗೆಯೇ. ಒಂದರ ಹಿಂದೆ ಒಂದು ಕ್ಲೀನಿಂಗ್ ಕೊಟ್ರೆ ಆ ಇಂಕೆಲ್ಲ ಒಳಗೆ ವೇಸ್ಟ್ ಇಂಕ್ ಹೀರುವ ಪ್ಯಾಡಿಗೆ ಹೋಗಿ ಕೂರ್ತದೆ, ಪ್ಯಾಡ್ ತುಂಬಿದ್ರೆ ಮೆಷಿನ್ ಕೆಲಸವೇ ನಿಲ್ಲಿಸ್ತದೆ, ಅದು ಹೊಸ ಖರ್ಚು. ಪವರ್ ಕ್ಲೀನಿಂಗ್ ಅಂತ ಒಂದು ಉಂಟು, ಪೈಪಿನಲ್ಲಿರುವ ಇಂಕನ್ನೆಲ್ಲ ಎಳೆದು ಹಾಕುವಂಥದ್ದು, ಅದು ಕೊನೆಗೆ. ಟ್ಯಾಂಕಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಇಂಕ್ ಇದ್ರೆ ಅದಕ್ಕೆ ಕೈ ಹಾಕ್ಲೇಬೇಡಿ, ಪೈಪಿಗೆ ಗಾಳಿ ನುಗ್ತದೆ.

ಒಂದು ವಿಷಯ ಕೇಳ್ತೇನೆ, ನಿಮ್ಮಲ್ಲಿ ಗುಡುಗು ಬಂದ್ರೆ ಪ್ಲಗ್ ಎಳಿಯುವ ಅಭ್ಯಾಸ ಉಂಟಲ್ಲ? ಎಳಿಯುದೇ ಸರಿ, ಎಪ್ರಿಲ್, ಮೇಯಲ್ಲಿ ಸಂಜೆ ಸಿಡಿಲಿಗೆ ಟಿವಿ, ಮೋಡೆಮ್ ಹೋದದ್ದು ಎಷ್ಟು ಮನೆಯಲ್ಲಿ ಇಲ್ಲ! ಆದ್ರೆ ಪ್ರಿಂಟರಿನ ಬಟನ್ ಒತ್ತಿ ಆಫ್ ಮಾಡಿದ್ರೆ ಹೆಡ್ ಬಲಗಡೆ ಅದರ ಜಾಗಕ್ಕೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುದು. ನಡು ಕೆಲಸದಲ್ಲಿ ಪ್ಲಗ್ ಎಳೆದ್ರೆ ನಡು ದಾರಿಯಲ್ಲೇ ಬಾಯಿ ಬಿಟ್ಟು ನಿಲ್ತದೆ, ಹಾಗೆ ಎರಡು ತಿಂಗಳು ಬಿಟ್ರೆ ಒಣಗದೆ ಏನಾಗ್ತದೆ.

ಕಾಗದಕ್ಕೆ ದೊಡ್ಡ ವಿದ್ಯೆ ಬೇಡ. ಪ್ಯಾಕೆಟ್ ಒಡೆಯದ ಹೊಸ ರೀಮಿನಿಂದ ನಾಲ್ಕು ಹಾಳೆ ತೆಗೆದು ಅದೇ ವರ್ಕ್‌ಶೀಟ್ ಕೊಟ್ಟು ನೋಡಿ, ಹಳತರ ಹತ್ತಿರ ಇಟ್ರೆ ಗೊತ್ತಾಗ್ತದೆ. ಟ್ರೇಯಲ್ಲಿ ಹಾಳೆ ಬಿಟ್ಟು ಮಲಗ್ಬೇಡಿ, ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನ ಒಳಗೆ ಇಡಿ. ನಾನು ಒಮ್ಮೆ ಬುದ್ಧಿವಂತಿಕೆ ಮಾಡಿ ತೇವದ ಹಾಳೆಗೆ ಇಸ್ತ್ರಿ ಹಾಕಿದ್ದೆ, ಹಲಸಿನ ಹಪ್ಪಳದ ಹಾಗೆ ಡೊಂಕಾಗಿ ಒಳಗೆ ಸಿಕ್ಕಿಕೊಂಡಿತ್ತು.

ಉಪ್ಪಳದಿಂದ:
ಅಣ್ಣ ಹೇಳಿದ್ದು ಟ್ಯಾಂಕ್ ಪ್ರಿಂಟರಿಗೆ. ನನ್ನದು ಸಣ್ಣ ಕಾರ್ಟ್ರಿಜ್ ಇರುದು, ಅದರಲ್ಲಿ ಹೆಡ್ ಕಾರ್ಟ್ರಿಜ್ಜಿನಲ್ಲೇ ಇರ್ತದೆ, ಹೊರಗೆ ತೆಗೀಲಿಕ್ಕೆ ಆಗ್ತದೆ. ಟಿಶ್ಯೂ ಪೇಪರ್ ಉಗುರು ಬೆಚ್ಚಗೆ ನೀರಲ್ಲಿ ಒದ್ದೆ ಮಾಡಿ ಅಡಿಭಾಗ ಅದರ ಮೇಲೆ ಮೆಲ್ಲ ಒತ್ತಿ ಹಿಡಿದ್ರೆ ಬಣ್ಣ ಮೂಡ್ತದೆ. ಕಲರ್ ಕಾರ್ಟ್ರಿಜ್ ಆದ್ರೆ ನೀಲಿ, ಗುಲಾಬಿ, ಹಳದಿ ಮೂರು ಪಟ್ಟಿ ಕಾಣ್ಬೇಕು, ಒಂದು ಕಾಣದಿದ್ರೆ ಆ ಬಣ್ಣ ಕಟ್ಟಿದೆ ಇಲ್ಲ ಮುಗಿದಿದೆ. ಬಾವಿ ನೀರು ಬೇಡ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ತಾಮ್ರದ ಚುಕ್ಕಿಗಳ ಹತ್ತಿರ ನೀರು ಹೋಗ್ಬಾರ್ದು. ಉಜ್ಜಲೂ ಬಾರ್ದು, ನಾನು ಉಜ್ಜಿ ಒಂದು ಕಾರ್ಟ್ರಿಜ್ ಕೈಯ್ಯಾರೆ ಕೊಂದವ.

ಪೆರ್ಲದಿಂದ:
ಶಾಲೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಕೈಟ್‌ನವರ (ಕೇರಳದ ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡುವ ಸರಕಾರಿ ಸಂಸ್ಥೆ) ಉಬುಂಟು ಇದ್ರೆ ಅದರಲ್ಲಿ ಹೆಡ್ ಕ್ಲೀನಿಂಗ್ ಹುಡುಕಿ ತಲೆ ಹಾಳು ಮಾಡ್ಬೇಡಿ ಟೀಚರೇ, ಎಲ್ಲ ಪ್ರಿಂಟರಿನದ್ದೂ ಅಲ್ಲಿ ಸಿಗುದಿಲ್ಲ. ಕೆಲವು ಮಾಡೆಲಿನಲ್ಲಿ ಪ್ರಿಂಟರಿನ ಬಟನನ್ನೇ ಒತ್ತಿ ಹಿಡಿದು ಮಾಡ್ಲಿಕ್ಕೆ ಆಗ್ತದೆ, ಯಾವ ಬಟನ್ ಅಂತ ಅದರ ಪುಸ್ತಕದಲ್ಲಿ ಉಂಟು. ಮತ್ತೆ ಕ್ವಾಲಿಟಿ ಡ್ರಾಫ್ಟಿನಲ್ಲಿ ಇದೆಯಾ ಅಂತ ಒಮ್ಮೆ ನೋಡಿ. ನಾನು ಇಂಕ್ ಉಳಿಸ್ಲಿಕ್ಕೆ ಡ್ರಾಫ್ಟ್ ಇಟ್ಟು ಮರೆತು ಒಂದು ವಾರ ಪ್ರಿಂಟರಿಗೆ ಬೈದಿದ್ದೆ.

ಮುಳ್ಳೇರಿಯದ ಟೀಚರ್:
ಎಲ್ಲರಿಗೂ ಉಪಕಾರ ಆಯ್ತು. ನಿನ್ನೆ ಸಂಜೆ ಎರಡು ಸಲ ಕ್ಲೀನಿಂಗ್ ಕೊಟ್ಟು ಬಟನ್ ಒತ್ತಿ ಆಫ್ ಮಾಡಿ ಮಲಗಿದೆ, ಬೆಳಿಗ್ಗೆ ತೆಗೆದ್ರೆ ಕಪ್ಪಿನಲ್ಲಿ ಒಂದೇ ಒಂದು ಗೆರೆ ತುಂಡು. ಗುಲಾಬಿ ಇನ್ನೂ ಅರ್ಧಂಬರ್ಧ, ವರ್ಕ್‌ಶೀಟಿಗೆ ಅದು ಬೇಡ, ನಾಳೆ ನೋಡುವ. ಹೊಸ ರೀಮಿನ ಹಾಳೆಗೆ ‘ಧ’ದ ಸೀಳು ಚೆಂದ ಬಂತು, ಹಳೇ ಹಾಳೆಯಲ್ಲಿ ಅದೇ ಸೀಳು ಗೆದ್ದಲು ತಿಂದ ಹಾಗೆ. ಪ್ಲಗ್ ವಿಷಯ ಹೇಗೆ ಗೊತ್ತಾಯ್ತು ಅಣ್ಣ ನಿಮಗೆ? ರಜೆಯಲ್ಲಿ ನಾನು ತವರಿಗೆ ಹೋಗಿದ್ದಾಗ ಮಗ ಏನೋ ಚಿತ್ರ ಪ್ರಿಂಟ್ ಕೊಟ್ಟಿದ್ದನಂತೆ, ಗುಡುಗಿತು ಅಂತ ಅತ್ತೆ ಓಡಿ ಬಂದು ಪ್ಲಗ್ ಎಳೆದದ್ದಂತೆ. ಆ ಅರ್ಧ ನವಿಲು ಇವತ್ತು ಟ್ರೇಯ ಹಿಂದೆ ಸಿಕ್ಕಿತು.