ಸುಗಂಧರಾಜದಲ್ಲಿ ರೋಸ್ ಎಲ್ಲಿದೆ?

ಮೈಸೂರು ಅತ್ತೆ: (ಫಾರ್ವರ್ಡ್) ಶುಭೋದಯ 🌸 ಸುಗಂಧರಾಜಕ್ಕೆ ಇಂಗ್ಲಿಷಿನಲ್ಲಿ ‘ಟ್ಯೂಬ್‌ರೋಸ್’ ಎನ್ನುತ್ತಾರೆ. ಟ್ಯೂಬ್ ಅಂದರೆ ಕೊಳವೆ, ರೋಸ್ ಅಂದರೆ ಗುಲಾಬಿ. ಕೊಳವೆಯಂಥ ಗುಲಾಬಿ! ಎಲ್ಲರಿಗೂ ಕಳಿಸಿ.

ದೊಡ್ಡಣ್ಣ: ಚೆನ್ನಾಗಿದೆ ಅತ್ತೆ. ಪುಟ್ಟಿಯ ಶಾಲೆ ಚಾರ್ಟಿಗೆ ಇದನ್ನೇ ಬರೆಸುತ್ತೇನೆ.

ನಾನು: ಅಣ್ಣ, ದಯವಿಟ್ಟು ಬರೆಸಬೇಡ. ಅದರಲ್ಲಿ ಟ್ಯೂಬೂ ಇಲ್ಲ, ರೋಸೂ ಇಲ್ಲ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಗಿಡಕ್ಕೆ ಇಟ್ಟ ವೈಜ್ಞಾನಿಕ ಹೆಸರು ಪೋಲಿಯಾಂಥಸ್ ಟ್ಯೂಬರೋಸಾ. ಲ್ಯಾಟಿನ್ನಿನಲ್ಲಿ ‘ಟ್ಯೂಬರ್’ ಅಂದರೆ ಉಬ್ಬು, ಗಂಟು. ‘ಟ್ಯೂಬರೋಸಾ’ ಅಂದರೆ ಗಂಟುಗಂಟಾಗಿರುವುದು. ಮಣ್ಣಿನೊಳಗಿನ ಗೆಡ್ಡೆ ನೋಡಿ ಹೇಳಿದ ಮಾತು. ಕೊಳವೆಯ ಟ್ಯೂಬ್ ‘ಟ್ಯೂಬಸ್’ ಅನ್ನುವ ಬೇರೆ ಪದದಿಂದ ಬಂದದ್ದು.

ಮೈಸೂರು ಅತ್ತೆ: ಹೂವು ಕೊಳವೆ ಥರಾನೇ ಇದೆಯಲ್ಲೋ! ದೇವರಾಜ ಮಾರ್ಕೆಟ್ಟಿನಲ್ಲಿ ರಾಶಿ ರಾಶಿ ನೋಡುತ್ತೇನೆ. ಇಂಗ್ಲಿಷಿನವರೂ ಟ್ಯೂಬ್ ರೋಸ್ ಅಂತಲೇ ಅನ್ನುತ್ತಾರೆ.

ನಾನು: ಹೂವು ಕೊಳವೆಯಂತಿರುವುದು ನಿಜ ಅತ್ತೆ. ಅದಕ್ಕೇ ಈ ತಪ್ಪನ್ನು ಎಲ್ಲರೂ ನಂಬುತ್ತಾರೆ, ಇಂಗ್ಲಿಷಿನವರೂ ಕೂಡ. ಆದರೆ ಆಲೂಗೆಡ್ಡೆಯ ವೈಜ್ಞಾನಿಕ ಹೆಸರು ನೋಡಿ, ಸೊಲೇನಮ್ ಟ್ಯೂಬರೋಸಮ್. ಅದೇ ಪದ. ಅಲ್ಲಿ ಯಾವ ಗುಲಾಬಿ ಇದೆ? ಕ್ಷಯಕ್ಕೆ ಟ್ಯೂಬರ್ಕ್ಯುಲೋಸಿಸ್ ಅನ್ನುವುದೂ ಇದೇ ಮೂಲದಿಂದ. ಶ್ವಾಸಕೋಶದಲ್ಲಿ ಸಣ್ಣ ಗಂಟು ಕಟ್ಟುತ್ತವಲ್ವಾ, ಅದಕ್ಕೆ.

ಮದ್ದೂರು ಮಾವ: ಲ್ಯಾಟಿನ್ನು ಹಾಗಿರಲಿ. ಹಳೇ ಬುಡ ಅಗೆದರೆ ಸಾಕು, ಗೊತ್ತಾಗುತ್ತೆ. ತಾಯಿ ಗೆಡ್ಡೆ ಸುತ್ತ ಮರಿಗೆಡ್ಡೆ ಒತ್ತಾಗಿ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಿ ನೆಟ್ಟರೇ ಮುಂದಿನ ಬೆಳೆ. ನಾವು ಬೀಜ ಬಿತ್ತುವುದಿಲ್ಲ.

ದೊಡ್ಡಣ್ಣ: ಹಾಗಾದರೆ ರೋಸ್ ಎಲ್ಲಿಂದ ಬಂತು?

ನಾನು: ‘ಟ್ಯೂಬರ್’ನ ಕೊನೆಯ ರಕಾರಕ್ಕೆ ‘ಓಸಾ’ ಸೇರಿದೆ. ‘ಓಸಾ’ ಅಂದರೆ ತುಂಬಿರುವುದು. ಕಿವಿಗೆ ರೋಸ್ ಅಂತ ಕೇಳಿಸುತ್ತೆ, ಅಷ್ಟೇ. ಈ ಗಿಡ ಗುಲಾಬಿಯ ಬಳಗವೇ ಅಲ್ಲ, ಕತ್ತಾಳೆಯ ಹತ್ತಿರದ ನೆಂಟ. ಮೂಲ ಮೆಕ್ಸಿಕೊ.

ಮೈಸೂರು ಅತ್ತೆ: ಸರಿ ಕಣೋ. ಆದರೂ ಇಷ್ಟು ಘಮಘಮಿಸುವ ಹೂವಿಗೆ ಗಂಟು ಅಂತ ಹೆಸರಾ? ನಮ್ಮ ಸುಗಂಧರಾಜವೇ ಮೇಲು.

ನಾನು: ಸುಗಂಧರಾಜ ನನಗೂ ಇಷ್ಟ. ಆದರೆ ಗಂಟು ಅಂದರೆ ಕೀಳಲ್ಲ ಅತ್ತೆ. ಹೂವು ಬಾಡುತ್ತೆ, ಮಾವ ಜೋಪಾನ ಮಾಡುವುದು ಆ ಗೆಡ್ಡೆಯನ್ನೇ. ಅಣ್ಣ, ಚಾರ್ಟಿನಲ್ಲಿ ಗಿಡದ ಕೆಳಗೆ ಗೆಡ್ಡೆಯನ್ನೂ ಬರೆಸು. ಹೆಸರು ‘ಟ್ಯೂಬರೋಸ್’ ಅಂತ ಒಂದೇ ಪದವಾಗಿರಲಿ.

ಮದ್ದೂರು ಮಾವ: ಭಾನುವಾರ ಬರುವಾಗ ಗೆಡ್ಡೆ ತರುತ್ತೇನೆ. ಪುಟ್ಟಿ ನೋಡಿಕೊಂಡೇ ಬರೆಯಲಿ.

ಮೈಸೂರು ಅತ್ತೆ: ಅಣ್ಣ, ನನ್ನ ಕುಂಡಕ್ಕೂ ಎರಡು ಇರಲಿ. ಎಸಳು ಒತ್ತಾಗಿರುವ ಡಬಲ್ ಬೇಡ, ಹಾರಕ್ಕೆ ಆಗುವ ಒಂದೇ ಸುತ್ತು ಎಸಳಿನ ಸಿಂಗಲ್ ತನ್ನಿ.