ಹಾಳುಮನೆ ಜಾಗದಲ್ಲಿ ಮೆಟಲ್ ಡಿಟೆಕ್ಟರ್: ಮೊಳೆಗಳ ರಾಶಿಯಲ್ಲಿ ನಾಣ್ಯ ಹುಡುಕುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಪರಿಚಯದವರ ಕಾಡಿನಲ್ಲಿ ಹಳೇ ಮನೆಯೊಂದರ ನೆಲಮಾಳಿಗೆ ಗುಂಡಿ ಉಳಿದಿದೆ, ಸುತ್ತ ಕಲ್ಲು ಕಟ್ಟಡ. ಹುಡುಕಲು ಅವರ ಒಪ್ಪಿಗೆ ಇದೆ. ನನ್ನ ಮೆಷಿನ್‌ಗೆ 11 ಅಂಗುಲದ ಕಾಯಿಲ್ (ನೆಲದ ಮೇಲೆ ಆಡಿಸುವ ದುಂಡು ತಟ್ಟೆ). ಎಲ್ಲಿಟ್ಟರೂ ಕಬ್ಬಿಣದ ಗೊರಗೊರ ಸದ್ದು. ಕಬ್ಬಿಣಕ್ಕೆ ಸದ್ದು ಬಾರದಂತೆ ಪೂರ್ತಿ ಕಟ್ ಮಾಡಿದರೆ ಮೆಷಿನ್ ಸದ್ದೇ ಮಾಡುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಕಟ್ ತೆಗೆದುಹಾಕಿ. ಮರದ ಮನೆ ಕುಸಿದಾಗ ಅದರ ಮೊಳೆಗಳೆಲ್ಲ ಅಲ್ಲೇ ಮಣ್ಣು ಸೇರುತ್ತವೆ. 11 ಅಂಗುಲದ ಕಾಯಿಲ್ ಕೆಳಗೆ ಒಂದೇ ಸಲಕ್ಕೆ ನಾಲ್ಕೈದು ಮೊಳೆ ಬರುತ್ತವೆ, ಅವುಗಳ ಮಧ್ಯೆ ಒಂದು ತಾಮ್ರದ ನಾಣ್ಯ ಇದ್ದರೂ ಮೊಳೆಗಳ ಸಿಗ್ನಲ್ ಅದನ್ನು ನುಂಗಿಬಿಡುತ್ತದೆ. ಕಬ್ಬಿಣ ಕಟ್ ಮಾಡಿದಾಗ ಇನ್ನೂ ಕೆಡುತ್ತದೆ: ಮೊಳೆ ಸಿಕ್ಕಾಗ ಮೆಷಿನ್ ಒಂದು ಕ್ಷಣ ಮೂಕವಾಗುತ್ತದೆ, ನಾಣ್ಯ ಆ ಕ್ಷಣದಲ್ಲೇ ಕಾಯಿಲ್ ಕೆಳಗೆ ದಾಟಿಹೋಗುತ್ತದೆ.

ಹೀಗೆ ಮಾಡಿ. 5 ಅಥವಾ 6 ಅಂಗುಲದ ಚಿಕ್ಕ ಕಾಯಿಲ್ ಹಾಕಿ. ಆಳ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಎರಡು ಮೊಳೆ ನಡುವಿನ ಸಂದಿಯಲ್ಲಿ ಇಣುಕಲು ಆಗುತ್ತದೆ. ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದು ಕಟ್ ಮಾಡುವ ಸೆಟ್ಟಿಂಗ್) ಸೊನ್ನೆ ಹತ್ತಿರ ಇಟ್ಟು ಎಲ್ಲ ಸದ್ದೂ ಕೇಳಿಸಿಕೊಳ್ಳಿ, ಕಬ್ಬಿಣಕ್ಕೆ ಮಂದ್ರ ಸ್ವರ ಇರಲಿ. ರಿಕವರಿ ಸ್ಪೀಡ್ (ಒಂದು ವಸ್ತುವಿನ ಸದ್ದಿನಿಂದ ಮುಂದಿನದಕ್ಕೆ ಮೆಷಿನ್ ಸಿದ್ಧವಾಗುವ ವೇಗ) ಏರಿಸಿ, ಸೆನ್ಸಿಟಿವಿಟಿ ಒಂದೆರಡು ಮೆಟ್ಟಿಲು ಇಳಿಸಿ. ಕಾಯಿಲ್ ಅನ್ನು ನಿಧಾನವಾಗಿ, ಚಿಕ್ಕ ಚಿಕ್ಕ ಬೀಸಿನಲ್ಲಿ ಆಡಿಸಿ.

ಗೊರಗೊರದ ನಡುವೆ ಎತ್ತರದ ಸ್ವರ ಬಂತೆಂದರೆ ನಿಂತಲ್ಲೇ 90 ಡಿಗ್ರಿ ತಿರುಗಿ ಮತ್ತೆ ಬೀಸಿ. ಎರಡೂ ಕಡೆಯಿಂದ ಅದೇ ಜಾಗದಲ್ಲಿ ಸದ್ದು ಬಂದರೆ ಅಗೆಯಿರಿ. ತಿರುಗಿದಾಗ ಮಾಯವಾದರೆ, ಅಥವಾ ಪಿನ್‌ಪಾಯಿಂಟ್ (ನಿಖರ ಜಾಗ ಗುರುತಿಸುವುದು) ಮಾಡಿದಾಗ ಜಾಗ ಪಕ್ಕಕ್ಕೆ ಸರಿದರೆ, ಹೆಚ್ಚಿನ ಸಲ ಅದು ಬಾಗಿದ ಮೊಳೆ. ಒಲೆಯ ತಟ್ಟೆ, ಬಾಗಿಲ ಹಿಂಜ್‌ನಂಥ ಚಪ್ಪಟೆ ಕಬ್ಬಿಣವೂ ಬೆಳ್ಳಿಯಂತೆ ಕೂಗುತ್ತದೆ. ಅದಕ್ಕೆ ಕಾಯಿಲ್ ಮೆಲ್ಲಗೆ ಮೇಲೆತ್ತಿ ನೋಡಿ. ನಾಣ್ಯವಾದರೆ ಸದ್ದು ಬೇಗ ಸಾಯುತ್ತದೆ, ದೊಡ್ಡ ಕಬ್ಬಿಣವಾದರೆ ಒಂದಡಿ ಮೇಲೆತ್ತಿದರೂ ಕೂಗುತ್ತಲೇ ಇರುತ್ತದೆ. ಲೋಹ ಯಾವುದೆಂದು ಸೂಚಿಸುವ ಪರದೆ ಮೇಲಿನ ಅಂಕಿಯನ್ನು ಇಂಥ ಜಾಗದಲ್ಲಿ ನಂಬಬೇಡಿ. ಪಕ್ಕದ ಮೊಳೆ ಅದನ್ನು ಕೆಳಗೆ ಎಳೆಯುತ್ತದೆ.

ಮರುಪ್ರಶ್ನೆ: ಧನ್ಯವಾದ ಸರ್. ಗುಂಡಿ ಒಳಗಿಂದಲೇ ಶುರು ಮಾಡಲೇ?

ಉತ್ತರ: ಬೇಡ. ಗುಂಡಿಯಲ್ಲಿರುವುದು ಕುಸಿದ ಕಲ್ಲು, ಕಬ್ಬಿಣ, ಗಾಜು. ಗೋಡೆಯ ಕಲ್ಲು ಜರುಗಿ ಕಾಲ ಮೇಲೆ ಬೀಳುವ ಅಪಾಯವೂ ಇದೆ. ಜನ ನಡೆದಾಡಿದ, ಕೂತ ಜಾಗ ಹುಡುಕಿ: ಬಾಗಿಲ ಮುಂದಿನ ಮೆಟ್ಟಿಲು ಕಲ್ಲಿನ ಸುತ್ತ, ಮನೆಯಿಂದ ಬಾವಿಗೆ ಹೋಗುವ ದಾರಿ, ಮನೆಗೂ ಕೊಟ್ಟಿಗೆಗೂ ನಡುವೆ, ಕಲ್ಲುಗೋಡೆಯಲ್ಲಿ ಗೇಟಿಗೆ ಬಿಟ್ಟ ಸಂದು, ದೊಡ್ಡ ಮೇಪಲ್ ಮರದ ಬುಡ. ಕಾಡಿನ ನಡುವೆ ಲೈಲಾಕ್ ಪೊದೆ, ಡೇಲಿಲಿ, ಮುದಿ ಸೇಬಿನ ಮರ ಕಂಡರೆ ಅದು ಯಾರದೋ ಅಂಗಳ. ಹಳೇ ಬಾವಿಯ ಮುಚ್ಚಳದ ಹಲಗೆ ಕೊಳೆತಿರುತ್ತದೆ, ಎಲೆ ಬಿದ್ದು ಕಾಣುವುದಿಲ್ಲ. ಕೋಲಿನಿಂದ ಕುಟ್ಟಿ ನೋಡಿ ಹೆಜ್ಜೆ ಇಡಿ.

ಹೋಗುವ ಮುನ್ನ 1850-60ರ ದಶಕದ ಕೌಂಟಿ ನಕ್ಷೆ ನೋಡಿ. ಅದರಲ್ಲಿ ಮನೆಯ ಚುಕ್ಕೆ ಪಕ್ಕ ಯಜಮಾನರ ಹೆಸರೇ ಇರುತ್ತದೆ. ಯುಎಸ್‌ಜಿಎಸ್‌ನ (ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಹಳೇ ನಕ್ಷೆಗಳು ಆನ್‌ಲೈನ್‌ನಲ್ಲಿ ಉಚಿತ. ಲೈಡಾರ್ (ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರಿಳಿತ ಅಳೆಯುವ ವಿಧಾನ) ನೆರಳು ಚಿತ್ರದಲ್ಲಿ ಮರಗಳ ಕೆಳಗಿನ ಗುಂಡಿ, ಗೋಡೆ ಎರಡೂ ಎದ್ದು ಕಾಣುತ್ತವೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮನೆ ಯಾವ ಕಾಲದ್ದು ಅಂತ ತಿಳಿಯುವುದು ನಾಣ್ಯದಿಂದಲೇ ಅಲ್ಲವೇ?

ಉತ್ತರ: ನಾಣ್ಯಕ್ಕಿಂತ ಮೊಳೆ ಒಳ್ಳೆಯ ಸಾಕ್ಷಿ. ಅದಕ್ಕೇ ಅಗೆದ ಮೊಳೆ ಎಸೆಯಬೇಡಿ ಎನ್ನುವುದು. ತುಕ್ಕು ಕೆರೆದು ಬೆಳಕಿಗೆ ಹಿಡಿಯಿರಿ. ನಾಲ್ಕೂ ಮುಖ ತುದಿಗೆ ಕಿರಿದಾಗುತ್ತ ಹೋಗಿ, ತಲೆಯಲ್ಲಿ ಸುತ್ತಿಗೆ ಏಟಿನ ನಾಲ್ಕೈದು ಪಟ್ಟಿಗಳಿದ್ದರೆ ಅದು ಕಮ್ಮಾರ ಬಡಿದದ್ದು. 1800ರ ಆಸುಪಾಸಿನವರೆಗೆ ಅದೇ ಸಾಮಾನ್ಯ. ಎರಡು ಮುಖ ಸಮಾನಾಂತರ, ಇನ್ನೆರಡು ಮಾತ್ರ ಕಿರಿದಾದರೆ ತಗಡಿನಿಂದ ಯಂತ್ರ ಕತ್ತರಿಸಿದ್ದು: 1790ರ ದಶಕದಿಂದ ಸುಮಾರು 1890ರವರೆಗೆ. ದುಂಡು ತಂತಿಯ ಮೊಳೆ ಅದರ ನಂತರದ್ದು. ಒಂದೇ ಮೊಳೆ ನೋಡಿ ತೀರ್ಮಾನಿಸಬೇಡಿ, ಹಳೇ ಮೊಳೆಯನ್ನು ನೆಟ್ಟಗೆ ಮಾಡಿ ಮತ್ತೆ ಬಳಸುತ್ತಿದ್ದರು. ಯಾವ ಬಗೆ ಹೆಚ್ಚು ಅಂತ ನೋಡಿ.

ಅಲ್ಲಿ ಸಿಗುವ ತಾಮ್ರದ ದೊಡ್ಡ ಸೆಂಟ್ (ಅಮೆರಿಕದ ಹಳೇ ಒಂದು ಸೆಂಟ್ ನಾಣ್ಯ) 1793ರಿಂದ 1857ರವರೆಗಿನದು, 27ರಿಂದ 29 ಮಿ.ಮೀ., ನಮ್ಮ 10 ರೂಪಾಯಿ ನಾಣ್ಯದಷ್ಟು ಅಗಲ. ಅದರ ಇಸವಿ ಹೇಳುವುದು ಒಂದೇ: ಆ ವರ್ಷಕ್ಕಿಂತ ಮುಂಚೆ ಅದು ಬಿದ್ದಿಲ್ಲ. ಸವೆದಿದ್ದರೆ ದಶಕಗಟ್ಟಲೆ ಕೈ ಬದಲಾಯಿಸಿ ಆಮೇಲೆ ಬಿದ್ದಿರಬಹುದು.

ಹಾಗಾಗಿ ಪ್ರತಿ ವಸ್ತುವಿಗೂ ಒಂದು ಚಿಕ್ಕ ಜಿಪ್ ಕವರ್, ಮೇಲೆ ಜಾಗ, ಆಳ, ಜೊತೆಗೆ ಏನಿತ್ತು ಎಂದು ಬರೆಯಿರಿ. ಎಲ್ಲಿಂದ ಬಂತು ಎಂಬುದು ಕಳೆದುಹೋದರೆ ಆಮೇಲೆ ಯಾರಿಂದಲೂ ಹುಡುಕಿಕೊಡಲು ಆಗುವುದಿಲ್ಲ.

ಪ್ರಶ್ನೆ: ಅಗೆಯುವ ಕ್ರಮ?

ಉತ್ತರ: ಕುದುರೆ ಲಾಳದಾಕಾರದಲ್ಲಿ 6ರಿಂದ 8 ಅಂಗುಲ ಅಗಲ ಹುಲ್ಲುಹೆಂಟೆ ಕತ್ತರಿಸಿ, ಒಂದು ಬದಿ ಕೂಡಿಕೊಂಡೇ ಇರಲಿ, ಹುಲ್ಲಿನ ಬೇರು ಸಾಯುವುದಿಲ್ಲ. ಸಿಗ್ನಲ್‌ಗೆ ನೇರ ಚುಚ್ಚಬೇಡಿ, ನಾಣ್ಯಕ್ಕೆ ಗೀರು ಬೀಳುತ್ತದೆ. ಮಣ್ಣು ಬಟ್ಟೆ ಮೇಲೆ ಹಾಕಿ, ಮುಗಿದ ಮೇಲೆ ಅಷ್ಟೂ ಗುಂಡಿಗೆ ತುಂಬಿ ಕಾಲಿಂದ ಒತ್ತಿ. ಕಾಡಿನಲ್ಲಿ ರಕ್ತ ಹೀರುವ ಉಣ್ಣಿ ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರಬಹುದು. ಬಟ್ಟೆ, ಬೂಟಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹೊಡೆದು ಒಣಗಿಸಿ ಹಾಕಿಕೊಳ್ಳಿ, ಮನೆಗೆ ಬಂದು ಮೈ ಪರೀಕ್ಷಿಸಿ.

ಜಾಗದ ಒಡೆಯರ ಒಪ್ಪಿಗೆ ಬರಹದಲ್ಲಿರಲಿ, ಸಿಕ್ಕಿದ್ದು ಯಾರಿಗೆ ಎಂಬುದೂ ಅದರಲ್ಲೇ ಇರಲಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಹುಡುಕುವಂತಿಲ್ಲ. ಫೆಡರಲ್ ಭೂಮಿಯಲ್ಲಿ 100 ವರ್ಷ ದಾಟಿದ ಪುರಾತತ್ವ ವಸ್ತುಗಳನ್ನು ಪರವಾನಗಿ ಇಲ್ಲದೆ ತೆಗೆಯುವುದು 1979ರ ಕಾನೂನಿನ ಪ್ರಕಾರ ಅಪರಾಧ. ಮೂಳೆ ಕಂಡರೆ ಕೈ ಹಾಕದೆ ಪೊಲೀಸರಿಗೆ ತಿಳಿಸಿ.

ಮತ್ತೊಬ್ಬರು: ಅಣ್ಣಾ, ರಜೆಗೆ ಊರಿಗೆ ಬರುವಾಗ ಮೆಷಿನ್ ತಂದು ನಮ್ಮ ಅಜ್ಜನ ಪಾಳುಮನೆಯಲ್ಲಿ ನೋಡಬಹುದಾ? ಗದಗ ಜಿಲ್ಲೆ.

ಉತ್ತರ: ತರಬೇಡಿ. ಕರ್ನಾಟಕದಲ್ಲಿ ನಿಧಿಗೆಂದೇ 1962ರ ಕಾಯ್ದೆ ಇದೆ. ಸ್ವಂತ ಹಿತ್ತಲಲ್ಲಿ ಸಿಕ್ಕರೂ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ, ಶಿಲ್ಪಗಳನ್ನು ನೀವು ವಿದೇಶಕ್ಕೆ ಒಯ್ಯುವಂತಿಲ್ಲ. ಲಕ್ಕುಂಡಿಯಂಥ ಸಂರಕ್ಷಿತ ಜಾಗವಿರುವ ಜಿಲ್ಲೆ ನಿಮ್ಮದು. ನಿಧಿ ಆಸೆಗೆ ವೀರಗಲ್ಲು ಕಿತ್ತು, ಗುಡಿಯ ಪೀಠ ಅಗೆದು ಹಾಳು ಮಾಡುವವರಿಂದ ಆಗಿರುವ ನಷ್ಟವೇ ಸಾಕಷ್ಟಿದೆ. ಮೆಷಿನ್ ಹಿಡಿದವರನ್ನು ಊರವರು ಅನುಮಾನದಿಂದ ನೋಡುವುದು ಸಹಜ. ಅಜ್ಜನ ಮನೆಯ ತೊಲೆ, ಬಾಗಿಲು, ಕಾಗದಪತ್ರಗಳ ಫೋಟೊ ತೆಗೆದು ದಾಖಲಿಸಿ, ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಮರುಪ್ರಶ್ನೆ (ಮೊದಲು ಕೇಳಿದವರು): ಸಿಕ್ಕ ತಾಮ್ರದ ನಾಣ್ಯ ನಿಂಬೆಹುಳಿಯಲ್ಲಿ ತೊಳೆಯಬಹುದೇ?

ಉತ್ತರ: ನಿಂಬೆ, ಹುಣಸೆ, ವಿನೆಗರ್ ಯಾವುದೂ ಬೇಡ. ಹುಳಿ ಹಸಿರು ಪದರದ ಜೊತೆ ಅದರಲ್ಲಿ ಉಳಿದಿರುವ ಅಕ್ಷರವನ್ನೂ ತಿಂದುಹಾಕುತ್ತದೆ. ಡಿಸ್ಟಿಲ್ಡ್ ನೀರಲ್ಲಿ ಕೆಲವು ದಿನ ನೆನೆಸಿ, ನೀರು ಬದಲಿಸುತ್ತಿರಿ, ಮೆತ್ತಗಾದ ಮಣ್ಣನ್ನು ಮರದ ಟೂತ್‌ಪಿಕ್‌ನಿಂದ ಬಿಡಿಸಿ. ಕಬ್ಬಿಣದ ಸಾಮಾನಿಗೆ ಮಾತ್ರ ತುಕ್ಕು ಬಿಡಿಸುವ ವಿದ್ಯುತ್ ವಿಧಾನ: ಒಂದು ಗ್ಯಾಲನ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್), 12 ವೋಲ್ಟ್ ಚಾರ್ಜರ್, ಮೈನಸ್ ತಂತಿ ವಸ್ತುವಿಗೆ, ಪ್ಲಸ್ ತಂತಿ ಬೇಡದ ಕಬ್ಬಿಣದ ತುಂಡಿಗೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಿ, ತಂತಿ ಮುಟ್ಟುವ ಮುನ್ನ ಚಾರ್ಜರ್ ಆಫ್ ಮಾಡಿ.